ಎರಡು ನೆಲೆಗಳ ನಡುವಿನ ನೆಲೆ

ಕೊಲೆ, ವ್ಯಭಿಚಾರಗಳಂಥ ಮಹಾಪಾಪವೆಸಗಿ ಪಶ್ಚಾತ್ತಾಪಪಡದ ಮುಸಲ್ಮಾನನನ್ನು ವಿಶ್ವಾಸಿಯೆಂದು ಎಣಿಸಬೇಕೇ, ಅವಿಶ್ವಾಸಿಯೆಂದು ಎಣಿಸಬೇಕೇ ಎಂಬ ಪ್ರಶ್ನೆ, ಇಸ್ಲಾಮಿನ ದೇವತತ್ತ್ವ ವಿಚಾರವಾದ ‘ಕಲಾಂ’ ಶಾಸ್ತ್ರದ ಅತಿ ಹಳೆಯ ಪ್ರಶ್ನೆಗಳಲ್ಲೊಂದು. ಇದಕ್ಕೆ ರಕ್ತದ ಹಿನ್ನೆಲೆಯಿದೆ. 656ರಲ್ಲಿ ಮೂರನೆಯ ಖಲೀಫ ಉಸ್ಮಾನರು ಮದೀನಾದಲ್ಲಿ ಮುಸಲ್ಮಾನ ಬಂಡಾಯಗಾರರಿಂದಲೇ ಹತರಾದರು. ಮರುವರ್ಷ ಯೂಫ್ರೆಟಿಸ್ ತೀರದ ಸಿಫ್ಫೀನಿನಲ್ಲಿ ನಾಲ್ಕನೆಯ ಖಲೀಫ ಅಲಿಯವರ ಮತ್ತು ಸಿರಿಯಾದ ಅಧಿಪತಿ ಮುಆವಿಯಾರ ಸೇನೆಗಳು ಕಾದಾಡಿ, ವಿವಾದವನ್ನು ಮಧ್ಯಸ್ಥರಿಗೆ ಒಪ್ಪಿಸಿದಾಗ, ತೀರ್ಪು ದೇವರಿಗೆ ಮಾತ್ರ ಸೇರಿದ್ದೆಂದು ಸಾರಿ ಒಂದು ಗುಂಪು ಅಲಿಯವರ ಪಾಳೆಯದಿಂದ ಹೊರನಡೆಯಿತು.

ಹೊರನಡೆದವರೆಂಬ ಅರ್ಥದಲ್ಲಿ ‘ಖವಾರಿಜ್’ ಎನಿಸಿಕೊಂಡ ಇವರಲ್ಲಿ ಉಗ್ರರಾದವರು, ಮಹಾಪಾಪಿಯು ಇಸ್ಲಾಮಿನಿಂದಲೇ ಹೊರಬೀಳುತ್ತಾನೆ ಎಂದರು. ‘ಮುರ್ಜಿಅ’ ಪಂಥದವರು ಆ ನಿರ್ಣಯವನ್ನು ದೇವರಿಗೆ ಬಿಟ್ಟು ಮುಂದೂಡಿದರು. ಅವರ ದೃಷ್ಟಿಯಲ್ಲಿ ಕರ್ಮ ಕೆಟ್ಟರೂ ವಿಶ್ವಾಸ ಅಳಿಯದು.

ಬಸ್ರಾ ನಗರದಲ್ಲಿ ಬೆಳೆದ ‘ಮುಅತಜಿಲ’ ಪಂಥ ಮೂರನೆಯ ಉತ್ತರವನ್ನು ಮುಂದಿಟ್ಟಿತು. ವಿಶ್ವಾಸಿ ಎಂಬುದು ಪ್ರಶಂಸೆಯ ಹೆಸರಾದ್ದರಿಂದ ಪಾಪಿಗೆ ಅದು ಸಲ್ಲದು. ಆದರೆ ಅವನು ದೇವರನ್ನು ನಿರಾಕರಿಸಿಲ್ಲವಾದ್ದರಿಂದ ಅವಿಶ್ವಾಸಿಯೆಂಬ ಹೆಸರೂ ಹೊಂದದು. ಅವನು ‘ಫಾಸಿಕ್’, ಅಂದರೆ ಧರ್ಮಭ್ರಷ್ಟನಾಗದ ದುರಾಚಾರಿ, ಅವನದು ಎರಡು ನೆಲೆಗಳ ನಡುವಿನ ನೆಲೆ. ಇದನ್ನು ಸುಲಭದ ರಾಜಿಯೆಂದು ಭಾವಿಸಿದರೆ ತಪ್ಪಾಗುತ್ತದೆ. ಈ ಲೋಕದಲ್ಲಿ ಅವನ ವಿವಾಹ, ವಾರಸುದಾರಿಕೆ, ಅಂತ್ಯಸಂಸ್ಕಾರಗಳು ಮುಸಲ್ಮಾನನಿಗೆ ತಕ್ಕಂತೆಯೇ ನಡೆಯಬೇಕು. ಆದರೆ ಪಶ್ಚಾತ್ತಾಪವಿಲ್ಲದೆ ಸತ್ತರೆ ಅವನಿಗೆ ನರಕ ಶಾಶ್ವತ, ಶಿಕ್ಷೆ ಮಾತ್ರ ಅವಿಶ್ವಾಸಿಯದಕ್ಕಿಂತ ಹಗುರ. ಪಾಪಿಯ ಪ್ರಾಣವನ್ನೂ ಸಾಮಾಜಿಕ ಹಕ್ಕುಗಳನ್ನೂ ಉಳಿಸುತ್ತಲೇ ಪಾಪವನ್ನು ಹಗುರವಾಗಿ ಕಾಣದಿರುವುದು ಈ ಸಿದ್ಧಾಂತದ ನಿಜವಾದ ಬಲ. ಮುಅತಜಿಲರ ಐದು ಮೂಲತತ್ತ್ವಗಳಲ್ಲಿ ಇದಕ್ಕೆ ಸ್ಥಾನ ದೊರೆತದ್ದು ಸಹಜವೇ ಆಗಿದೆ.

ಪಂಥದ ಹುಟ್ಟಿನ ಬಗ್ಗೆ ಒಂದು ಪ್ರಸಿದ್ಧ ಕಥೆಯಿದೆ. 12ನೆಯ ಶತಮಾನದ ಪಂಥಚರಿತ್ರಕಾರ ಶಹ್ರಸ್ತಾನಿ ತಮ್ಮ ‘ಅಲ್‌ಮಿಲಲ್ ವನ್ನಿಹಲ್’ ಗ್ರಂಥದಲ್ಲಿ ಹೇಳುವಂತೆ, ಬಸ್ರಾದ ಗುರು ಹಸನ್ ಬಸ್ರಿಯವರು (ನಿಧನ 728) ಮಹಾಪಾಪಿಯ ಕುರಿತ ಪ್ರಶ್ನೆಗೆ ಉತ್ತರಿಸುವ ಮೊದಲೇ ಶಿಷ್ಯ ವಾಸಿಲ್ ಇಬ್ನ್ ಅತಾ (ನಿಧನ 748) ತಮ್ಮ ಉತ್ತರವನ್ನು ನುಡಿದು, ಎದ್ದು ಮಸೀದಿಯ ಇನ್ನೊಂದು ಕಂಬದ ಬಳಿಗೆ ಹೋದರು. ‘ಮುಅತಜಿಲ’, ಅಂದರೆ ದೂರ ಸರಿದವರು, ಎಂಬ ಹೆಸರು ಹೀಗೆ ಬಂತು. ಆದರೆ ಇದೇ ಬಗೆಯ ಪ್ರಸಂಗವನ್ನು ಬೇರೆ ಮೂಲಗಳು ಪಂಥದ ಇನ್ನೊಬ್ಬ ಆದಿಪುರುಷ ಅಮ್ರ್ ಇಬ್ನ್ ಉಬೈದರಿಗೆ ಅನ್ವಯಿಸುತ್ತವೆ. ಅಲಿಯವರ ಕಾಲದ ಅಂತರ್ಯುದ್ಧದಲ್ಲಿ ಯಾವ ಪಕ್ಷಕ್ಕೂ ಸೇರದೆ ದೂರ ಉಳಿದವರಿಗೂ ಇದೇ ಪದ ಬಳಕೆಯಲ್ಲಿತ್ತು. ಪಂಥಚರಿತ್ರೆಗಳನ್ನು ಬರೆದವರಲ್ಲಿ ಹೆಚ್ಚಿನವರು ತಮ್ಮದೇ ಪಂಥ ಸರಿಯೆಂಬ ನಂಬಿಕೆಯಿಂದ ಬರೆದ ನಂತರದ ಕಾಲದವರಾದ್ದರಿಂದ, ಇಂದಿನ ವಿದ್ವಾಂಸರು ಈ ಕಥೆಯನ್ನು ಹೆಸರಿಗೆ ಅರ್ಥ ಹೊಂದಿಸಲು ತರುವಾಯ ಕಟ್ಟಿದ್ದಿರಬಹುದೆಂದು ಶಂಕಿಸುತ್ತಾರೆ. ಮುಅತಜಿಲರು ತಮ್ಮನ್ನು ಕರೆದುಕೊಳ್ಳಲು ಇಷ್ಟಪಟ್ಟದ್ದಾದರೋ ನ್ಯಾಯ ಮತ್ತು ಏಕತ್ವದ ಜನರೆಂದು.