ನಾಲ್ಕನೆಯ ಋಣ

ತಾಳಮದ್ದಲೆಯಲ್ಲಿ ಪಾಂಡುವಿನ ಅರ್ಥ ಹೇಳುವವರಿಗೆ ಶತಶೃಂಗದ ಸನ್ನಿವೇಶದಲ್ಲಿ ಒಂದು ಒಳ್ಳೆಯ ಎಡೆ ಸಿಗುತ್ತದೆ. ಮಕ್ಕಳಿಲ್ಲದ ಕೊರಗಿನಲ್ಲಿ ಅವನು ಋಷಿಗಳೆದುರು ಮನುಷ್ಯ ಹೊತ್ತು ಹುಟ್ಟುವ ಋಣಗಳನ್ನು ಎಣಿಸುತ್ತಾನೆ. ಸಾಮಾನ್ಯವಾಗಿ ಹೇಳುವುದು ಮೂರು: ದೇವಋಣ, ಋಷಿಋಣ, ಪಿತೃಋಣ. ಆದಿಪರ್ವದ ಪಾಂಡು ನಾಲ್ಕನೆಯದೊಂದನ್ನು ಸೇರಿಸುತ್ತಾನೆ, ಮನುಷ್ಯಋಣ. ದೇವತೆಗಳದ್ದು ಯಜ್ಞದಿಂದ ತೀರುತ್ತದೆ, ಋಷಿಗಳದ್ದು ಅಧ್ಯಯನ ತಪಸ್ಸುಗಳಿಂದ, ಪಿತೃಗಳದ್ದು ಸಂತಾನ ಶ್ರಾದ್ಧಗಳಿಂದ. ಮನುಷ್ಯರದ್ದು ತೀರುವುದು ಕ್ರೌರ್ಯವಿಲ್ಲದೆ ಬಾಳುವುದರಿಂದ. ಕಥೆ ಸಾಗಬೇಕಾದ್ದು ಕುಂತಿಯ ಕಡೆಗೆ, ಹಾಗಾಗಿ ಅರ್ಥಧಾರಿಗಳೆಲ್ಲ ಪಿತೃಋಣವನ್ನು ಬೆಳೆಸುತ್ತಾರೆ. ನಾಲ್ಕನೆಯದು ಒಂದು ಮಾತಿನಲ್ಲಿ ದಾಟಿಹೋಗುತ್ತದೆ. ಈಚೆಗೆ ನನ್ನ ಮನಸ್ಸು ಅಲ್ಲೇ ನಿಂತಿದೆ. ಕಾರಣ, ನನ್ನ ಕುತ್ತಿಗೆಯ ಥೈರಾಯ್ಡ್ ಗ್ರಂಥಿಯಲ್ಲಿರುವ ಏಳು ಮಿಲಿಮೀಟರಿನ ಗಂಟು.

ತಲೆ ತಿರುಗುತ್ತದೆಂದು ಕುತ್ತಿಗೆಯ ರಕ್ತನಾಳ ನೋಡಲು ಸ್ಕ್ಯಾನ್ ಮಾಡಿಸಿದಾಗ ಸಿಕ್ಕಿದ್ದು ಇದು. ಉತ್ತರ ಕನ್ನಡದ ಹೆಬಳೆಯಲ್ಲಿರುವ ನಾವು ಇಂಥ ತಪಾಸಣೆಗೆ ಮಣಿಪಾಲಕ್ಕೋ ಮಂಗಳೂರಿಗೋ ಹೋಗಬೇಕು. ಹೊನ್ನಾವರ, ಕುಮಟೆಯವರ ಪಾಡೂ ಅದೇ. ನಮ್ಮ ಜಿಲ್ಲೆಗೊಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಕೊಡಿ ಎಂದು 2022ರಲ್ಲಿ ಜನ ಬೀದಿಗಿಳಿದು ಕೇಳಿದ್ದು ಸುಮ್ಮನೆ ಅಲ್ಲ. ಡಾಕ್ಟರು ಪರದೆಯನ್ನು ನನ್ನ ಕಡೆ ತಿರುಗಿಸಿ ತೋರಿಸಿದರು. ಬೂದು ಬಣ್ಣದ ಗ್ರಂಥಿ, ಅದರೊಳಗೆ ತುಸು ಕಪ್ಪಗಿನ ಚುಕ್ಕೆ, ಅಂಚಿನಲ್ಲಿ ಅಳತೆಯ ಎರಡು ಕೂಡುಗುರುತು. ಸೂಜಿ ಹಾಕಿ ನೋಡುವುದೂ ಈಗ ಬೇಡ, ಒಂದು ವರ್ಷ ಬಿಟ್ಟು ಮತ್ತೆ ಸ್ಕ್ಯಾನ್ ಮಾಡೋಣ ಎಂದರು. ಕ್ಯಾನ್ಸರ್ ಆಗಿರಬಹುದೇ ಎಂದು ಕೇಳಿದೆ. ಅಲ್ಲದಿರುವ ಸಂಭವವೇ ಹೆಚ್ಚು, ಆಗಿದ್ದರೂ ಇಷ್ಟು ಸಣ್ಣದನ್ನು ಕಾದು ನೋಡಬಹುದು ಎಂದರು. ಗ್ರಂಥಿಯ ಹಿಂದೆಯೇ ಧ್ವನಿಪೆಟ್ಟಿಗೆಗೆ ಹೋಗುವ ನರವಿದೆ, ಚಾಕು ಹಾಕಿದರೆ ಅದನ್ನು ಕಾಪಾಡಿಕೊಂಡು ಹಾಕಬೇಕು ಎಂಬುದನ್ನೂ ಹೇಳಿದರು. ತಾಳಮದ್ದಲೆಯಲ್ಲಿ ರಾತ್ರಿಯಿಡೀ ಮಾತಾಡುವುದನ್ನೇ ಆರಾಧನೆ ಅಂದುಕೊಂಡವನಿಗೆ ಅದು ಎಂಥ ಮಾತೆಂದು ಬಿಡಿಸಿ ಹೇಳಬೇಕಿಲ್ಲ.

‘ಕಾದು ನೋಡಬಹುದು’ ಎಂಬ ಈ ಧೈರ್ಯ ಎಲ್ಲಿಂದ ಬಂತೆಂದು ಹುಡುಕಿಕೊಂಡು ಹೋದೆ. ಅದು ಬಂದದ್ದು ಜಪಾನಿನ ಕೋಬೆ ಊರಿನಿಂದ. 1993ರಲ್ಲಿ ಅಲ್ಲಿನ ಕುಮಾ ಆಸ್ಪತ್ರೆಯಲ್ಲಿ ಶಸ್ತ್ರವೈದ್ಯ ಅಕಿರಾ ಮಿಯಾವುಚಿಯವರ ಸಲಹೆಯಂತೆ, ಒಂದು ಸೆಂಟಿಮೀಟರಿನೊಳಗಿನ ಥೈರಾಯ್ಡ್ ಕ್ಯಾನ್ಸರ್ ಇದೆಯೆಂದು ಸೂಜಿಪರೀಕ್ಷೆಯಿಂದ ಖಚಿತವಾದವರ ಮುಂದೆ ಎರಡು ದಾರಿ ಇಟ್ಟರು: ಆಪರೇಷನ್, ಇಲ್ಲವೇ ಕಾಯುವುದು. ಅನೇಕರು, ಹೆಚ್ಚಿನಂಶ ಹೆಂಗಸರು, ಕಾಯುವುದನ್ನು ಆರಿಸಿಕೊಂಡರು. ಕುತ್ತಿಗೆಯಲ್ಲಿ ಕ್ಯಾನ್ಸರ್ ಇದೆಯೆಂದು ಗೊತ್ತಿದ್ದೂ ಅಡುಗೆ ಮಾಡಿದರು, ಕೆಲಸಕ್ಕೆ ಹೋದರು. 1995ರ ಜನವರಿಯಲ್ಲಿ ಭೂಕಂಪ ಆ ಊರನ್ನೇ ನೆಲಕ್ಕೆ ಕೆಡವಿತು. ಆಮೇಲೂ ಸ್ಕ್ಯಾನುಗಳು ನಡೆದವು. 2014ರಲ್ಲಿ 1,235 ಮಂದಿಯ ಲೆಕ್ಕ ಪ್ರಕಟವಾಯಿತು. ಥೈರಾಯ್ಡ್ ಕ್ಯಾನ್ಸರಿನಿಂದ ಸತ್ತವರು ಅವರಲ್ಲಿ ಒಬ್ಬರೂ ಇರಲಿಲ್ಲ. ಗಂಟು ಬೆಳೆದದ್ದು ಕೆಲವರಲ್ಲಿ ಮಾತ್ರ, ವಯಸ್ಸಾದವರಲ್ಲಿ ಇನ್ನೂ ಕಡಿಮೆ.

ಅದಕ್ಕೂ ಮೊದಲು, 1985ರಲ್ಲಿ, ಫಿನ್ಲೆಂಡಿನಲ್ಲಿ ಬೇರೆ ಬೇರೆ ಕಾರಣಗಳಿಂದ ತೀರಿಕೊಂಡ 101 ಜನರ ಗ್ರಂಥಿಯನ್ನು ತೆಳುವಾಗಿ ಕೊಯ್ದು ನೋಡಿದ್ದರು. 36 ಜನರಲ್ಲಿ ಸಣ್ಣ ಕ್ಯಾನ್ಸರ್ ಸಿಕ್ಕಿತು. ಬದುಕಿದ್ದಾಗ ಅದು ಅವರಿಗೆ ಗೊತ್ತೂ ಇರಲಿಲ್ಲ, ಕಾಡಿಯೂ ಇರಲಿಲ್ಲ. ದಕ್ಷಿಣ ಕೊರಿಯಾದಲ್ಲಿ 1999ರಿಂದೀಚೆ ಆರೋಗ್ಯವಂತರ ಕುತ್ತಿಗೆಗೂ ಸ್ಕ್ಯಾನ್ ಹಿಡಿಯುವುದು ಹಬ್ಬಿತು. 2011ರ ಹೊತ್ತಿಗೆ ಥೈರಾಯ್ಡ್ ಕ್ಯಾನ್ಸರ್ ಪತ್ತೆಯಾಗುವುದು 1993ಕ್ಕಿಂತ 15 ಪಟ್ಟು ಹೆಚ್ಚಿತ್ತು. ಅದರಿಂದ ಸಾಯುವವರ ಪ್ರಮಾಣ ಇದ್ದಲ್ಲೇ ಇತ್ತು. ಸಿಕ್ಕಿದ್ದನ್ನು ಬಿಡಬಾರದೆಂದು ಹೆಚ್ಚುಕಡಿಮೆ ಎಲ್ಲರ ಗ್ರಂಥಿಯನ್ನೂ ಕೊಯ್ದರು. ಹಾಗೆ ಕೊಯ್ಸಿಕೊಂಡವರಲ್ಲಿ ನೂರಕ್ಕೆ ಇಬ್ಬರ ಧ್ವನಿತಂತು ಸೋತಿತು, ಹನ್ನೊಂದು ಜನಕ್ಕೆ ಸುಣ್ಣದಂಶ ಕಾಯುವ ಪಕ್ಕದ ಗ್ರಂಥಿಗಳು ಕೆಟ್ಟವು. ಆ ಇಬ್ಬರಲ್ಲಿ ಹಾಡುವವರು ಇದ್ದರೇ, ಪಾಠ ಹೇಳುವವರು ಇದ್ದರೇ ಎಂದು ಯೋಚಿಸುತ್ತೇನೆ. ನನ್ನ ದನಿ ಉಳಿದಿರುವುದರಲ್ಲಿ ಅವರು ಕಳೆದುಕೊಂಡ ದನಿಯ ಪಾಲಿದೆ.

ಇನ್ನೂ ಹಿಂದೆ ಹೋದರೆ ಸ್ವಿಟ್ಜರ್ಲೆಂಡಿನ ಬರ್ನ್. ಥಿಯೋಡೋರ್ ಕೋಖರ್ ದೈವಭಕ್ತ, ಗಳಗಂಡದ ಶಸ್ತ್ರಚಿಕಿತ್ಸೆಯಲ್ಲಿ ಸಾವನ್ನು ಅಪರೂಪ ಮಾಡಿದ ಕೈ ಅವರದ್ದು. 1874ರಲ್ಲಿ ಹನ್ನೊಂದು ವರ್ಷದ ಹುಡುಗಿಯ ಗ್ರಂಥಿಯನ್ನು ಪೂರ್ತಿ ತೆಗೆದರು. ಗಾಯ ಚೆನ್ನಾಗಿ ಮಾಗಿತು, ಹುಡುಗಿ ಮಂಕಾದಳು. ವರ್ಷಗಳ ಮೇಲೆ ಕೋಖರ್ ತಾವು ಕೊಯ್ದವರನ್ನೆಲ್ಲ ಮತ್ತೆ ಕರೆಸಿದರು. ಗ್ರಂಥಿ ಪೂರ್ತಿ ತೆಗೆದವರಲ್ಲಿ ಬಂದ 18 ಜನರಲ್ಲಿ 16 ಮಂದಿ ಊದಿಕೊಂಡು, ಬುದ್ಧಿ ಜಡವಾಗಿ ಕುಳಿತಿದ್ದರು. ಅವರು ಪ್ರಕಟಿಸಿದ ಚಿತ್ರಗಳಲ್ಲಿ ಆ ಹುಡುಗಿ ತಂಗಿಯ ಜೊತೆ ನಿಂತಿದ್ದಾಳೆ. ಆಪರೇಷನ್ನಿಗೆ ಮೊದಲು ಇಬ್ಬರೂ ಹೆಚ್ಚುಕಡಿಮೆ ಒಂದೇ ಎತ್ತರ. ಆಮೇಲಿನ ಚಿತ್ರದಲ್ಲಿ ತಂಗಿ ಬೆಳೆದ ಹೆಣ್ಣು, ಅಕ್ಕ ಅಲ್ಲೇ ಉಳಿದಿದ್ದಾಳೆ. ಕೋಖರ್ ಇದನ್ನು 1883ರಲ್ಲಿ ವೈದ್ಯರ ಸಭೆಯಲ್ಲಿ ಎದ್ದು ನಿಂತು ಹೇಳಿದರು, ಮುಂದೆ ಗಳಗಂಡಕ್ಕೆ ಪೂರ್ತಿ ಗ್ರಂಥಿ ತೆಗೆಯುವುದನ್ನು ಬಿಟ್ಟರು. 1909ರ ನೊಬೆಲ್ ಪ್ರಶಸ್ತಿಗಿಂತ ಆ ಸಭೆಯ ಕೋಖರ್ ನನಗೆ ದೊಡ್ಡವರು. ಈ ಗ್ರಂಥಿ ದೇಹಕ್ಕೇಕೆ ಬೇಕೆಂದು ಲೋಕಕ್ಕೆ ತಿಳಿಸಿಕೊಟ್ಟವಳು ಮಾತ್ರ ಆ ಹುಡುಗಿ. ಅವಳನ್ನು ಯಾರೂ ಕೇಳಿರಲಿಲ್ಲ.

ನಮ್ಮ ದೇಶದ ಲೆಕ್ಕವೂ ಇದೆ, ನನ್ನನ್ನು ಹೆಚ್ಚು ಕಲಕಿದ್ದು ಅದೇ. ನಾನು ಸಣ್ಣವನಿದ್ದಾಗ ಮಳೆಗಾಲಕ್ಕೆ ಮೊದಲು ಮನೆಗೆ ಸಾಣಿಕಟ್ಟೆಯ ಉಪ್ಪು ಬರುತ್ತಿತ್ತು. ದಪ್ಪ ಹರಳು, ತುಸು ಕಂದು ಬಣ್ಣ. ಅಮ್ಮ ಭರಣಿಗೆ ಸುರಿದು ಮುಚ್ಚಿಡುತ್ತಿದ್ದಳು. ಈಗ ಪ್ಯಾಕೆಟ್ಟಿನ ಅಯೋಡಿನ್ ಉಪ್ಪು. ಅದರ ಹಿಂದೆ ಹಿಮಾಚಲದ ಕಾಂಗ್ಡಾ ಕಣಿವೆಯ ಸುಮಾರು ಒಂದು ಲಕ್ಷ ಜನ ಇದ್ದಾರೆ. ಡಾ. ವಿ. ರಾಮಲಿಂಗಸ್ವಾಮಿ ಮತ್ತು ಸಂಗಡಿಗರು 1956ರಲ್ಲಿ ಆ ಕಣಿವೆಯನ್ನು ಮೂರು ವಲಯ ಮಾಡಿ, ಎ ಮತ್ತು ಸಿ ವಲಯಕ್ಕೆ ಅಯೋಡಿನ್ ಸೇರಿಸಿದ ಉಪ್ಪನ್ನು, ಬಿ ವಲಯಕ್ಕೆ ಬರೀ ಉಪ್ಪನ್ನು ಹಂಚಿದರು. 1962ರಲ್ಲಿ ಮಕ್ಕಳ ಕುತ್ತಿಗೆ ಮುಟ್ಟಿ ನೋಡಿದಾಗ ಎ, ಸಿ ವಲಯಗಳಲ್ಲಿ ಗಳಗಂಡ ಅರ್ಧದಷ್ಟಕ್ಕೆ ಇಳಿದಿತ್ತು. ಬಿ ವಲಯದಲ್ಲಿ ಇದ್ದ ಹಾಗೇ ಇತ್ತು. ಆಮೇಲೆ ಬಿ ವಲಯಕ್ಕೂ ಅಯೋಡಿನ್ ಕೊಟ್ಟರು. 1962ರಲ್ಲೇ ರಾಷ್ಟ್ರೀಯ ಗಳಗಂಡ ನಿಯಂತ್ರಣ ಕಾರ್ಯಕ್ರಮ ಶುರುವಾಯಿತು. ಬಿ ವಲಯವಿಲ್ಲದೆ ಇದು ಉಪ್ಪಿನ ಗುಣವೋ ಕಾಲದ ಗುಣವೋ ಎಂದು ಹೇಳುವಂತಿರಲಿಲ್ಲ, ಒಪ್ಪುತ್ತೇನೆ. ಆದರೂ ಅಷ್ಟು ವರ್ಷ ಬರೀ ಉಪ್ಪು ಉಂಡ ಮಕ್ಕಳಿದ್ದರು. ಇಂಥ ಪ್ರಯೋಗಕ್ಕೆ ಜನರ ಒಪ್ಪಿಗೆ ಬೇಕೆಂಬ ಹೆಲ್ಸಿಂಕಿ ಘೋಷಣೆ ಬಂದದ್ದು 1964ರಲ್ಲಿ, ನಮ್ಮ ಐಸಿಎಂಆರ್ ನೀತಿಸೂತ್ರ ಹೊರಡಿಸಿದ್ದು 1980ರಲ್ಲಿ.

ಇದನ್ನೆಲ್ಲ ನಾನು ಮಾತಾಡುವುದು ನಮ್ಮೂರಿನ ನವಾಯತ ಮುಸ್ಲಿಂ ಗೆಳೆಯರೊಬ್ಬರ ಜೊತೆ. ಸಂಜೆ ಅವರ ಜಗಲಿಯಲ್ಲಿ ಕೂರುತ್ತೇವೆ, ಮನೆಯ ಹೆಂಗಸರು ಮಲ್ಲಿಗೆ ಕಟ್ಟುತ್ತಿರುತ್ತಾರೆ. ಮನುಷ್ಯ ಸತ್ತ ಮೇಲೂ ಮೂರರ ಪುಣ್ಯ ನಿಲ್ಲುವುದಿಲ್ಲವೆಂದು ಪ್ರವಾದಿಗಳು ಹೇಳಿದ್ದಾರೆಂದು ಅವರು ನೆನಪಿಸಿದರು: ಹರಿಯುತ್ತಲೇ ಇರುವ ದಾನ, ಜನರಿಗೆ ಉಪಯೋಗವಾಗುವ ಜ್ಞಾನ, ತನಗಾಗಿ ಪ್ರಾರ್ಥಿಸುವ ಒಳ್ಳೆಯ ಸಂತಾನ. ಕೋಬೆಯ ಹೆಂಗಸರು ಕೊಟ್ಟದ್ದು ಎರಡನೆಯದು ಎಂದರು. ನನ್ನ ತಕರಾರು ಇದು: ಆ ಹೆಂಗಸರು ನನಗೆ ಜ್ಞಾನ ಕೊಡಲು ಕಾಯಲಿಲ್ಲ, ಚಾಕು ತಪ್ಪಲೆಂದು ಕಾದರು. ಬರ್ನಿನ ಹುಡುಗಿಗೂ ಕಾಂಗ್ಡಾದ ಮಕ್ಕಳಿಗೂ ಆ ಆಯ್ಕೆಯೂ ಇರಲಿಲ್ಲ. ಕೊಡುವ ಮನಸ್ಸಿಲ್ಲದೆ ಹೋದದ್ದು ದಾನವಾದೀತೇ? ದಾನವಾದರೆ ಪಡೆದವನು ಕೈಮುಗಿದು ಎದ್ದು ಹೋಗಬಹುದು. ಕೊಟ್ಟವರಿಗೆ ಗೊತ್ತಿಲ್ಲದೆ ಬಂದದ್ದು ನಮ್ಮ ಮೇಲೆ ಸಾಲವಾಗಿಯೇ ನಿಲ್ಲುತ್ತದೆ. ಪಾಂಡು ಅದನ್ನು ಋಣವೆಂದು ಕರೆದದ್ದು ಸರಿ, ತೀರಿಸಲು ಕ್ರೌರ್ಯವಿಲ್ಲದ ಬಾಳನ್ನು ಹೇಳಿದ್ದೂ ಸರಿ. ಸಂಶೋಧನೆಗೆ ಇದಕ್ಕಿಂತ ತಕ್ಕ ಕಟ್ಟಳೆ ನನಗೆ ಹೊಳೆಯುವುದಿಲ್ಲ: ತಿಳಿಯುವ ಆಸೆಯಲ್ಲಿ ಯಾರ ಮೇಲೂ ಕ್ರೌರ್ಯ ಆಗಬಾರದು, ತಿಳಿದದ್ದನ್ನು ಮುಚ್ಚಿಟ್ಟು ಮುಂದಿನವರ ಮೇಲೂ ಆಗಬಾರದು.

ನಮ್ಮ ಕಡೆ ಎರಡನೆಯ ಸ್ಕ್ಯಾನಿಗೆ ಹೋಗದವರು ಬಹಳ. ಆಸ್ಪತ್ರೆ ದೂರ, ಒಂದು ದಿನದ ಕೂಲಿ ಹೋಗುತ್ತದೆ, ಹಣೆಯಲ್ಲಿ ಬರೆದದ್ದು ತಪ್ಪದು ಎನ್ನುತ್ತಾರೆ. ಮೊದಲೆರಡು ಕಾರಣಗಳಿಗೆ ಸರಕಾರ ಉತ್ತರ ಹೇಳಬೇಕು. ಮೂರನೆಯದಕ್ಕೆ ನಾನು ಒಪ್ಪುವುದಿಲ್ಲ. ಕಾಯುವುದೆಂದರೆ ಕೈಬಿಡುವುದಲ್ಲ, ಕೋಬೆಯವರು ಪ್ರತಿ ಸಲ ಹಿಂದಿರುಗಿ ಬಂದು ಕುತ್ತಿಗೆ ಒಡ್ಡಿದ್ದರಿಂದಲೇ ಅವರ ಕಾಯುವಿಕೆ ನಮಗೆ ತಿಳಿವಾಯಿತು. ಬಾರದೆ ಹೋದವನ ಗಂಟು ಬೆಳೆಯಿತೋ ಕುಗ್ಗಿತೋ ಯಾರೂ ಹೇಳಲಾರರು. ನನ್ನ ಸ್ಕ್ಯಾನಿನ ವಿವರವನ್ನು ಅಧ್ಯಯನಕ್ಕೆ ಬಳಸಿಕೊಳ್ಳಬಹುದೆಂದು ನಾನಾಗಿಯೇ ಡಾಕ್ಟರಿಗೆ ಹೇಳಿ ಬಂದಿದ್ದೇನೆ.

ಬಿ ವಲಯದ ವಿಚಾರದಲ್ಲಿ ನಾವಿಬ್ಬರೂ ಇನ್ನೂ ಒಪ್ಪಿಲ್ಲ. ಅಲ್ಲಾಹನ ಲೆಕ್ಕದಲ್ಲಿ ಆ ಮಕ್ಕಳಿಗೆ ಪೂರ್ತಿ ಸಂದಿರುತ್ತದೆ, ನೀನು ಚಿಂತೆ ಬಿಡು ಎನ್ನುತ್ತಾರೆ ಗೆಳೆಯರು. ಸಂದಿರಲಿ ಎಂದೇ ನಾನೂ ಬೇಡುತ್ತೇನೆ. ಆದರೆ ಅದು ಅವನು ಕೊಡುವ ಲೆಕ್ಕ. ನಾವು ಕೊಡಬೇಕಾದ್ದು ಬೇರೆ ಇದೆ ಎಂದು ಮೊನ್ನೆಯೂ ವಾದಿಸಿ ಎದ್ದು ಬಂದೆ.