ತಗ್ಗಿದ ದನಿ, ಎತ್ತಿದ ಆರತಿ

ಮಗಳು ದೊಡ್ಡವಳಾದ ಬೆಳಿಗ್ಗೆ ಎಲ್ಲಕ್ಕಿಂತ ಮೊದಲು ಬದಲಾಗುವುದು ಮನೆಯವರ ದನಿ. ಆಯಿ ಅಮ್ಮಮ್ಮನ ಕಿವಿಯಲ್ಲಿ ಏನೋ ಉಸುರುತ್ತಾಳೆ. ಜಗಲಿಯಲ್ಲಿ ಕವಳ ಹಾಕುತ್ತಿದ್ದ ಗಂಡಸರು ಕೇಳಿಯೂ ಕೇಳದವರಂತೆ ತೋಟಕ್ಕೆ ಇಳಿಯುತ್ತಾರೆ. ನಾಲ್ಕನೆಯ ದಿನ ಅದೇ ಮನೆಗೆ ಆಚೀಚೆ ಮನೆಯ ಹೆಂಗಸರು ಬರುತ್ತಾರೆ. ಮಿಂದು ಬಂದವಳನ್ನು ಮಣೆಯ ಮೇಲೆ ಕೂರಿಸಿ, ಹೂ ಮುಡಿಸಿ, ಆರತಿ ಎತ್ತಿ ಗಟ್ಟಿಯಾಗಿ ಹಾಡುತ್ತಾರೆ. ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆಯ ಎಷ್ಟೋ ಹಳೆಯ ಮನೆಗಳು ಆ ಪಿಸುಮಾತನ್ನೂ ಬಲ್ಲವು, ಈ ಹಾಡನ್ನೂ ಬಲ್ಲವು.

ಒಂದೇ ಸಂಗತಿಯನ್ನು ಮರೆಮಾಡುವವರೂ ನಾವೇ, ಮಂಗಳವೆಂದು ಬೆಳಗುವವರೂ ನಾವೇ. ಮೂರು ದಿನ ಹೊರಗೆ ಕೂರಿಸಿದವಳನ್ನು ನಾಲ್ಕನೆಯ ದಿನ ನಡುಮನೆಯಲ್ಲಿ ಕೂರಿಸುತ್ತೇವೆ. ಸೃಷ್ಟಿಶಕ್ತಿಯ ಎದುರು ಮನುಷ್ಯನಿಗೆ ಭಯವೂ ಇದೆ, ಭಕ್ತಿಯೂ ಇದೆ. ಯಾವುದು ಎಲ್ಲಿ ಮುಗಿಯುತ್ತದೆ ಎಂಬ ಅರಿವು ನಮಗೆ ಸದಾ ಇರುವುದಿಲ್ಲ. ಭಯವನ್ನೇ ಮಡಿ ಎಂದು ಕರೆದು ನಿಶ್ಚಿಂತರಾಗುವುದು ಸುಲಭ.

ಆ ಸಂಭ್ರಮವೂ ಒಂದು ಕಾಲದಲ್ಲಿ ಮಗಳದಾಗಿರಲಿಲ್ಲ. ಋತುಮತಿಯಾಗುವ ಮೊದಲೇ ಮದುವೆ ಮಾಡುವ ಕಟ್ಟಳೆ ಬ್ರಾಹ್ಮಣ ಮನೆಗಳಲ್ಲಿ ಬಿಗಿಯಾಗಿತ್ತು. ಬಾಲೆ ಮೈನೆರೆದಳೆಂದರೆ ಸುದ್ದಿ ಹೋಗುತ್ತಿದ್ದುದು ಗಂಡನ ಮನೆಗೆ. ಆರತಿಯ ಹಿಂದೆಯೇ ಪ್ರಸ್ತದ ಮುಹೂರ್ತ ಕಾಯುತ್ತಿತ್ತು. 1929ರ ಶಾರದಾ ಕಾಯಿದೆ ಹುಡುಗಿಯ ವಿವಾಹಕ್ಕೆ ಕನಿಷ್ಠ 14 ವರ್ಷವೆಂದಿತು. ಇಂದು ಅದು 18. ಕಾನೂನು ಬಂದೊಡನೆ ರೂಢಿ ಕರಗಲಿಲ್ಲ, ನಿಧಾನವಾಗಿ ಸವೆಯಿತು. ಮುಹೂರ್ತ ಹೋಯಿತು, ಗಂಡನ ಮನೆಯ ನಿರೀಕ್ಷೆ ದೂರವಾಯಿತು. ಕೊನೆಗೆ ಉಳಿದದ್ದು ಎಳ್ಳುಂಡೆ, ತುಪ್ಪ, ಕೊಬ್ಬರಿ, ಮತ್ತು ಸುತ್ತ ಕೂತ ಹೆಂಗಸರು. ಇದನ್ನು ನಷ್ಟವೆಂದು ಎಣಿಸಬೇಕಾಗಿಲ್ಲ. ಪ್ರಾಯಶಃ ಮೊದಲಿನಿಂದಲೂ ಆ ಮಗುವಿಗೆ ಬೇಕಾಗಿದ್ದುದು ಇಷ್ಟೇ.

ಆ ಕಾನೂನಿನ ಬೆನ್ನಿಗೇ ಸಿದ್ದಾಪುರ ಸೀಮೆ ಇನ್ನೊಂದು ದೃಶ್ಯ ಕಂಡಿತು. ಸ್ವಾತಂತ್ರ್ಯ ಹೋರಾಟದ ಕರನಿರಾಕರಣೆಯ ಕಾಲದಲ್ಲಿ ಜಪ್ತಿಯಾದ ಆಸ್ತಿಯನ್ನು ಕೊಂಡವರ ಮನೆಬಾಗಿಲಲ್ಲಿ, 1932ರಲ್ಲಿ, ಮಹಿಳೆಯರು ಉಪವಾಸ ಕೂತರು. ಅಲ್ಲಿನ ಮಾವಿನಗುಂಡಿಯ ಹೆಸರು ಆ ಸತ್ಯಾಗ್ರಹದಿಂದ ಉಳಿದಿದೆ. ತಿಂಗಳಿಗೆ ಮೂರು ದಿನ ಹೊರಗೆ ಕೂರಬೇಕಾಗಿದ್ದವರು ಈ ಸಲ ತಾವಾಗಿಯೇ ಹೊರಗೆ ಕೂತರು, ಜೊತೆಯಾಗಿ ಕೂತರು. ಆ ಜೊತೆಗಾರಿಕೆಯ ಬೇರು ಇಂಥ ಆರತಿಗಳಲ್ಲೂ ಇದ್ದಿರಬಹುದೇ? ದಾಖಲೆಗಳು ಹೇಳುವ ಸಂಗತಿ ಅದಲ್ಲ. ಆದರೂ ಮನಸ್ಸು ಅತ್ತ ವಾಲುತ್ತದೆ.

ಹುಡುಗಿಗೆ ಆ ದಿನ ತತ್ತ್ವ ಬೇಡ. ಹೊಟ್ಟೆ ನೋಯುತ್ತಿರುತ್ತದೆ, ಏನೋ ತಪ್ಪಾಗಿದೆ ಎಂಬ ಅಳುಕು ಇರುತ್ತದೆ. ದೇಹ ಯಾವ ಅಪರಾಧವನ್ನೂ ಮಾಡಿಲ್ಲ. ಅಳುಕು ಹುಟ್ಟಿದ್ದು ನಮ್ಮ ತಗ್ಗಿದ ದನಿಯಿಂದ. ಆಗ ಯಾರೋ ಅಜ್ಜಿ ತಲೆ ಸವರಿ, ‘ಹೆದ್ರಡ ಕೂಸೆ, ಯಂಗಕ್ಕಿಗೂ ಆಗಿತ್ತು’ ಎನ್ನುತ್ತಾಳೆ. ನಮಗೂ ಆಗಿತ್ತು ಎಂಬ ಆ ಒಂದು ಮಾತಿನಲ್ಲಿ ಒಂಟಿತನ ಒಡೆಯುತ್ತದೆ. ಹಾಗೆ ಹೇಳುವ ಅಜ್ಜಿಗೆ ತನ್ನ ಸರದಿಯಲ್ಲಿ ಅದನ್ನು ಹೇಳಿದವರು ಇದ್ದರೋ ಇಲ್ಲವೋ. ತನಗೆ ದೊರೆಯದುದನ್ನೂ ಕೊಡಬಲ್ಲ ಶಕ್ತಿ ಮನುಷ್ಯರಲ್ಲಿ ಹೇಗೋ ಉಳಿದುಬರುತ್ತದೆ. ಗಂಡಸರಿಗೂ ಅಲ್ಲೊಂದು ಜಾಗವಿದೆ: ಪೇಟೆಗೆ ಹೋದ ಅಪ್ಪ ಪ್ಯಾಡಿನ ಪೊಟ್ಟಣವನ್ನು ಕಾಗದ ಸುತ್ತಿಸದೆ ತಂದರೆ, ಅದೂ ಆರತಿಯೇ.

ಇಂದಿನ ಕೆಲವು ಮಕ್ಕಳಿಗೆ ಮಣೆ ಬೇಡ, ಹಾಡು ಬೇಡ, ನಾಲ್ಕು ಜನರ ದೃಷ್ಟಿಯೂ ಬೇಡ. ನಮಗೆ ಅದು ತುಸು ನೋವೆನಿಸುತ್ತದೆ. ಸಂಭ್ರಮಿಸುವ ಉತ್ಸಾಹದಲ್ಲಿ ಅವಳನ್ನೇ ಕೇಳಲು ನಾವು ಮರೆಯುತ್ತೇವೆ. ಅಂಥವಳ ಬಳಿ ಅವಳ ಮೆಚ್ಚಿನ ಅತ್ತೆಯೊಬ್ಬಳು ಎಳ್ಳುಂಡೆ ಡಬ್ಬಿ ಹಿಡಿದು ಬಂದು ಕೂತರೆ ಸಾಕು. ದಿನಗಳ ಲೆಕ್ಕ ಹೇಗಿಡಬೇಕು, ನೋವು ತಾಳದಿದ್ದರೆ ಏನು ಮಾಡಬೇಕು, ಯಾವಾಗ ಡಾಕ್ಟರಲ್ಲಿಗೆ ಹೋಗಬೇಕು ಎಂದು ಸಹಜವಾಗಿ ಹೇಳಲಿ. ಆಮೇಲೆ ಇಬ್ಬರೂ ಶಾಲೆಯ ವಿಷಯ ಮಾತಾಡಬಹುದು.