ಬೇಸಗೆಗೆ ಬಂದವರ ಋಣ

ಬನವಾಸಿಯನ್ನು ಕುರಿತು ಕನ್ನಡದಲ್ಲಿ ಹುಟ್ಟಿದ ಅತಿ ಪ್ರಸಿದ್ಧ ಹೊಗಳಿಕೆಯನ್ನು ಪಂಪ ಆ ಊರಿನವನೊಬ್ಬನ ಬಾಯಲ್ಲಿ ಆಡಿಸಲಿಲ್ಲ. ಹತ್ತನೆಯ ಶತಮಾನದ ‘ವಿಕ್ರಮಾರ್ಜುನ ವಿಜಯ’ದ ನಾಲ್ಕನೆಯ ಆಶ್ವಾಸದಲ್ಲಿ ದೇಶ ತಿರುಗಲು ಹೊರಟ ಅರ್ಜುನ ಬನವಾಸಿಗೆ ಬರುತ್ತಾನೆ, ಅಲ್ಲಿನ ಮಾವಿಗೆ, ಮಲ್ಲಿಗೆಗೆ, ಕೋಗಿಲೆಯ ದನಿಗೆ ಮನಸೋಲುತ್ತಾನೆ, ಮುಂದಕ್ಕೆ ಹೊರಟುಹೋಗುತ್ತಾನೆ. ಅವನು ಅಲ್ಲಿ ಗದ್ದೆ ಉತ್ತವನಲ್ಲ, ಕೆರೆಯ ಹೂಳೆತ್ತಿದವನಲ್ಲ. ಅವನಿಗೆ ಆ ಮಾತು ಕೊಟ್ಟ ಕವಿಯ ಪೂರ್ವಿಕರು ವೆಂಗಿಮಂಡಲದವರು, ಕವಿಯನ್ನು ಸಾಕಿದ ಅರಿಕೇಸರಿಯ ರಾಜಧಾನಿ ವೇಮುಲವಾಡ. ಹೀಗಿದ್ದರೂ ಬನವಾಸಿಯ ಸೀಮೆಯವರು ಆ ಹೊಗಳಿಕೆಯನ್ನು ತಮ್ಮದೆಂದೇ ಎದೆಗೆ ಹಚ್ಚಿಕೊಂಡಿದ್ದಾರೆ. ಬಂದು ಹೋದವನಿಗೆ ನಮ್ಮೂರಿನ ಕಷ್ಟ ಏನು ಗೊತ್ತು ಎಂದು ಯಾರೂ ಅದನ್ನು ತಳ್ಳಿಹಾಕಿದ್ದಿಲ್ಲ. ಆದರೆ ಇದೇ ಮಾತನ್ನು ಈಗ ಬೇಸಗೆಗೆಂದು ಬಂದಿಳಿದ ಹೊಸಬರ ಮುಂದೆ ಊರಿನವರು ಆಡುವುದುಂಟು, ಹೊಸಬರು ತಮ್ಮಷ್ಟಕ್ಕೇ ಆಡಿಕೊಂಡು ಅಳುಕುವುದೂ ಉಂಟು. ಅಳುಕಿನ ಹಿಂದಿರುವ ಪ್ರಶ್ನೆ ಧರ್ಮದ ಪ್ರಶ್ನೆ. ತಾನು ಬೆವರು ಹರಿಸದ ನೆಲದಲ್ಲಿ, ತನ್ನ ಹಿರಿಯರು ಯಾರೂ ಮಣ್ಣಾಗದ ಊರಿನಲ್ಲಿ, ಒಬ್ಬ ಮನುಷ್ಯನಿಗೆ ಸಂತೋಷಪಡುವ ಹಕ್ಕು ಇದೆಯೇ?

ಬನವಾಸಿ ಇರುವ ಶಿರಸಿ ತಾಲೂಕನ್ನೇ ತೆಗೆದುಕೊಂಡು ನೋಡಬಹುದು. ಕೆಲಸವನ್ನು ಕಂಪ್ಯೂಟರಿನಲ್ಲಿ ಹೊತ್ತು ತಿರುಗಬಲ್ಲವರು ಬೆಂಗಳೂರಿನಿಂದ ಬಂದು ಬಾಡಿಗೆ ಮನೆ ಹಿಡಿಯುವುದು ಘಟ್ಟದ ಮೇಲಿನ ಇಂಥ ಸಣ್ಣ ಊರುಗಳಲ್ಲಿ ಈಗ ಅಪರೂಪವಲ್ಲ. ಅವರ ಪಾಲಿಗೆ ಬೇಸಗೆ ಊರಿನ ಬಾಗಿಲು. ಆಲೆಮನೆಗಳ ಕೊನೆಯ ದಿನಗಳ ನೊರೆಬೆಲ್ಲ, ಸಂತೆಯಲ್ಲಿ ಸೊನೆ ಒಸರುವ ಅಪ್ಪೆಮಿಡಿ, ಕವಳಿ ಹಣ್ಣು, ಮುರುಗಲು ಪಾನಕ, ಬಿಸಿಲಿಗೆ ಹರವಿದ ಹಲಸಿನ ಹಪ್ಪಳ, ಮಧ್ಯಾಹ್ನದ ಊಟಕ್ಕೆ ತಂಬುಳಿ, ರಾತ್ರಿ ಎಲ್ಲೋ ದೂರದ ಬಯಲಾಟದಿಂದ ಗಾಳಿಯಲ್ಲಿ ಬಂದು ಹೋಗುವ ಚಂಡೆಯ ಸದ್ದು. ಎರಡು ವರ್ಷಕ್ಕೊಮ್ಮೆ ಬರುವ ಮಾರಿಕಾಂಬೆಯ ಜಾತ್ರೆ ಅದೇ ವರ್ಷ ಬಿದ್ದರಂತೂ ಹೇಳುವುದೇ ಬೇಡ. ಇಷ್ಟನ್ನು ಕಂಡು ಹಿಗ್ಗದವನ ಮನಸ್ಸಿನ ಆರೋಗ್ಯದ ಬಗ್ಗೆಯೇ ಚಿಂತಿಸಬೇಕಾಗುತ್ತದೆ. ಈ ಹಿಗ್ಗು ಮೇಲುಮೇಲಿನದು, ನಿಜವಾದ ಊರು ಇದರಡಿ ಬೇರೆಯೇ ಇದೆ ಎಂಬ ಮಾತಿನಲ್ಲಿ ಅರ್ಧ ಸತ್ಯವಷ್ಟೇ ಇದೆ ಎಂಬುದು ನನ್ನ ವಾದ. ಹೊಸಬರ ಹಿಗ್ಗು ಸುಳ್ಳಲ್ಲ. ಅದು ಊರನ್ನು ಕಾಣುವ ಒಂದು ಬಗೆ, ಊರಿನವರಿಗೆ ಎಷ್ಟೋ ಸಲ ಸಾಧ್ಯವಾಗದ ಬಗೆ. ಅಷ್ಟೇ ಅಲ್ಲ, ಆ ಊರಿಗೆ ಅವರು ಸಲ್ಲಿಸಬೇಕಾದದ್ದೂ ಆ ಹಿಗ್ಗಿನಿಂದಲೇ ಹುಟ್ಟುತ್ತದೆ. ಅಪರಾಧಭಾವದಿಂದ ಹುಟ್ಟುವುದಿಲ್ಲ, ವರ್ಷಗಳ ಲೆಕ್ಕದಿಂದಲೂ ಹುಟ್ಟುವುದಿಲ್ಲ.

ಮೊದಲ ಮಾತಿಗೆ ಆಧಾರ ನಮ್ಮ ಕಾವ್ಯಮೀಮಾಂಸೆಯಲ್ಲೇ ಇದೆ. ಕಾಶ್ಮೀರದ ಅಭಿನವಗುಪ್ತ ಸುಮಾರು ಸಾವಿರ ವರ್ಷಗಳ ಹಿಂದೆ ಭರತನ ನಾಟ್ಯಶಾಸ್ತ್ರಕ್ಕೆ ಬರೆದ ವ್ಯಾಖ್ಯಾನದಲ್ಲಿ ರಸಾನುಭವಕ್ಕೆ ಏಳು ವಿಘ್ನಗಳನ್ನು ಹೇಳುತ್ತಾನೆ. ನೋಡುವವನು ತನ್ನದೇ ಸುಖದುಃಖಗಳಲ್ಲಿ ಮುಳುಗಿರುವುದು ಅವುಗಳಲ್ಲಿ ಒಂದು. ಇದು ನನ್ನದು, ಇದು ಪರರದು ಎಂಬ ಎಣಿಕೆ ನಡೆಯುತ್ತಿರುವ ತನಕ ಕಣ್ಣೆದುರಿನ ವಸ್ತು ರಸವಾಗಿ ಒದಗುವುದಿಲ್ಲ ಎಂಬುದು ಅವನ ವಿಚಾರದ ತಿರುಳು. ಇದನ್ನು ಏಪ್ರಿಲ್ ತಿಂಗಳ ಒಂದು ಸಂಜೆಯ ಮೇಲೆ ಇಟ್ಟು ಪರೀಕ್ಷಿಸಬಹುದು. ಪಡುವಣದಲ್ಲಿ ಮೋಡ ಕಟ್ಟುತ್ತದೆ, ಗುಡುಗು ಕೇಳುತ್ತದೆ, ಮೊದಲ ಹನಿಗೆ ಮಣ್ಣು ಘಮ್ಮೆನ್ನುತ್ತದೆ. ಅಂಗಳದಲ್ಲಿ ಚಾಲಿ ಅಡಿಕೆ ಒಣಹಾಕಿಕೊಂಡ ಮನೆಯವರಿಗೆ ಆ ವಾಸನೆ ಮೂಗಿಗೆ ತಾಗುವುದೇ ಇಲ್ಲ. ಅವರು ಬಾಚಿ, ರಾಶಿ ಮಾಡಿ, ಮುಚ್ಚುವ ಧಾವಂತದಲ್ಲಿರುತ್ತಾರೆ. ನೆನೆದ ಅಡಿಕೆ ಬಣ್ಣ ಕೆಟ್ಟು ದರ ಇಳಿಯುತ್ತದೆ, ಆ ದರದ ಮೇಲೆ ಸೊಸೈಟಿಯ ಸಾಲ ನಿಂತಿದೆ. ಪಕ್ಕದ ಬಾಡಿಗೆ ಮನೆಯ ಜಗುಲಿಯಲ್ಲಿ ನಿಂತವನಿಗೆ ಮಳೆ ಪೂರ್ತಿಯಾಗಿ ಸಿಗುತ್ತದೆ. ಯಾರು ನೋಡಿದ್ದು ನಿಜವಾದ ಮಳೆ? ಇಬ್ಬರೂ ನೋಡಿದ್ದು ನಿಜವೇ. ಸಾಲದ ಭಯವಿರುವವನಿಗೆ ಕಾಣದ ಮಳೆಯ ಒಂದು ಮುಖ ಸಾಲವಿಲ್ಲದವನಿಗೆ ಕಂಡಿತು ಎಂದ ಮಾತ್ರಕ್ಕೆ ಆ ಮುಖ ಮಳೆಗೆ ಇಲ್ಲವೆಂದಾಗುವುದಿಲ್ಲ. ಬನವಾಸಿಯವರು ಅರ್ಜುನನ ಮಾತನ್ನು ಉಳಿಸಿಕೊಂಡದ್ದು ಬಹುಶಃ ಇದಕ್ಕೇ. ತಮ್ಮ ಊರು ಹಾಗೆ ಕಾಣಬಲ್ಲದು ಎಂಬುದನ್ನು ಹೊರಗಿನವನೊಬ್ಬ ಅವರಿಗೆ ಹೇಳಬೇಕಾಯಿತು.

ಇಲ್ಲಿ ಬರುವ ಆಕ್ಷೇಪ ಗಟ್ಟಿಯಾದದ್ದು. ಊರು ರಂಗಸ್ಥಳವಲ್ಲ, ಅದರಲ್ಲಿ ಬದುಕುವವರು ವೇಷಧಾರಿಗಳಲ್ಲ. ಆಟದಲ್ಲಿ ಸತ್ತ ಅಭಿಮನ್ಯು ಚೌಕಿಗೆ ಹೋಗಿ ಚಾ ಕುಡಿಯುತ್ತಾನೆ; ಊರಿನಲ್ಲಿ ಸತ್ತವರು ಏಳುವುದಿಲ್ಲ. ಹೊಸಬರಿಗೆ ಹಿತವಾಗಿರುವ ಇದೇ ಬೇಸಗೆ ಮಂಗನ ಕಾಯಿಲೆಯ ಕಾಲವೂ ಹೌದು. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಾದ ಈ ರೋಗ ಸಾಮಾನ್ಯವಾಗಿ ಡಿಸೆಂಬರಿನಿಂದ ಮೇ ತನಕ ಕಾಣಿಸಿಕೊಳ್ಳುತ್ತದೆ. ಮಂಗಗಳು ಸತ್ತು ಬಿದ್ದ ಕಾಡಿನಲ್ಲಿ ರೋಗ ಹೊತ್ತ ಉಣುಗುಗಳು ಮನುಷ್ಯರಿಗೆ ಹತ್ತುತ್ತವೆ. ಹತ್ತುವುದು ಯಾರಿಗೆ? ಕೊಟ್ಟಿಗೆಗೆ ದರಕು, ಅಂದರೆ ಒಣ ಎಲೆ, ಗುಡಿಸಿ ತರಲು, ಮಳೆಗಾಲಕ್ಕೆ ಕಟ್ಟಿಗೆ ಕೂಡಿಸಲು, ದನ ಮೇಯಿಸಲು ಬೆಟ್ಟಕ್ಕೆ ಹೋಗಲೇಬೇಕಾದವರಿಗೆ. 2019ರ ಆಸುಪಾಸಿನಲ್ಲಿ ಸಾಗರ ತಾಲೂಕಿನ ಅರಳಗೋಡು ಈ ಕಾಯಿಲೆಯಿಂದ ತತ್ತರಿಸಿತು. ವಾಯುವಿಹಾರಕ್ಕೆಂದು ಅದೇ ಜಾತಿಯ ಕಾಡಿನ ಅಂಚಿನಲ್ಲಿ ನಡೆಯುವವನು ಬೇಡವೆನಿಸಿದ ದಿನ ಮನೆಯಲ್ಲಿ ಕೂರಬಲ್ಲ, ದರಕು ತರುವ ಹೆಂಗಸಿಗೆ ಆ ಆಯ್ಕೆ ಇಲ್ಲ. ನೀರಿನ ಕತೆಯೂ ಇಂಥದೇ. ಮಳೆಗಾಲದಲ್ಲಿ ಅಷ್ಟು ಸುರಿಯುವ ಸೀಮೆಯಲ್ಲಿ ಏಪ್ರಿಲ್ ಕೊನೆಗೆ ಬಾವಿಯ ತಳ ಕಾಣುವ ಕೇರಿಗಳಿವೆ. ಹೊಸಬರ ಮನೆಯ ಟ್ಯಾಂಕಿಗೆ ಏರುವ ನೀರು ಅದೇ ನೆಲದ ನೀರು. ಅವರು ಕೊಳ್ಳುವ ಅಪ್ಪೆಮಿಡಿಯೂ ಹಾಗೆಯೇ ಬಂದದ್ದು. ಹೊಳೆಯಂಚಿನ ಎತ್ತರದ ಮರವನ್ನು ಹತ್ತಿ, ಮಿಡಿ ನೆಲಕ್ಕೆ ಬಿದ್ದು ಪೆಟ್ಟಾಗದಂತೆ ತೊಟ್ಟು ಸಮೇತ ಇಳಿಸಿದವನ ಜೀವದ ಹಂಗು ಅದರಲ್ಲಿದೆ. ಹಾಗಾದರೆ ರಸದ ಮಾತು ಇಲ್ಲಿ ಅನ್ಯಾಯವನ್ನು ಮುಚ್ಚುವ ಪರದೆಯಾಗಲಿಲ್ಲವೇ ಎಂದು ಕೇಳಬಹುದು.

ಕೇಳಲೇಬೇಕು. ಆದರೆ ಈ ಪ್ರಶ್ನೆಯ ಉತ್ತರ ಸಂತೋಷವನ್ನು ಕೈಬಿಡುವುದರಲ್ಲಿಲ್ಲ. ಹೊಸಬ ಮುಖ ಬಾಡಿಸಿಕೊಂಡು ಪಾನಕ ಕುಡಿದರೆ ದರಕು ತರುವವಳ ಕಷ್ಟ ಒಂದೆಳೆಯೂ ಕಡಿಮೆಯಾಗುವುದಿಲ್ಲ. ಗೀತೆಯ ಮೂರನೆಯ ಅಧ್ಯಾಯ ಕೊಟ್ಟದ್ದಕ್ಕೆ ಮರಳಿ ಕೊಡದೆ ಉಣ್ಣುವವನನ್ನು ಕಳ್ಳನೆನ್ನುತ್ತದೆ. ಅಲ್ಲಿ ತಪ್ಪೆಂದು ಹೇಳಿದ್ದು ಉಣ್ಣುವುದನ್ನಲ್ಲ, ಕೊಡದೆ ಉಣ್ಣುವುದನ್ನು. ಈಶೋಪನಿಷತ್ತಿನ ಮೊದಲ ಮಂತ್ರವೂ ತ್ಯಾಗವನ್ನೂ ಭೋಗವನ್ನೂ ಒಂದೇ ಉಸಿರಿನಲ್ಲಿ ಹೇಳುತ್ತದೆ. ಇವೆರಡಕ್ಕಿಂತ ನಮ್ಮ ವಿಷಯಕ್ಕೆ ಹೆಚ್ಚು ಹತ್ತಿರವಾದದ್ದು ಶತಪಥ ಬ್ರಾಹ್ಮಣದ ಮಾತು. ದೇವಋಣ, ಋಷಿಋಣ, ಪಿತೃಋಣ ಎಂಬ ಮೂರು ಎಲ್ಲರ ಬಾಯಲ್ಲಿವೆ. ಶತಪಥ ನಾಲ್ಕನೆಯದೊಂದನ್ನು ಸೇರಿಸುತ್ತದೆ: ಮನುಷ್ಯರ ಋಣ. ಯಜ್ಞದಿಂದ, ಅಧ್ಯಯನದಿಂದ, ಸಂತಾನದಿಂದ ಮೊದಲ ಮೂರು ತೀರಿದರೆ ಇದು ತೀರುವುದು ಬಂದವರಿಗೆ ತಂಗಲು ಜಾಗ ಕೊಟ್ಟು, ಉಣ್ಣಲು ಕೊಟ್ಟು. ಮನುಷ್ಯ ಹುಟ್ಟುವಾಗಲೇ ಇತರ ಮನುಷ್ಯರಿಗೆ ಸಾಲಗಾರ, ಆ ಸಾಲ ಸಂದಾಯವಾಗುವುದು ಅಪರಿಚಿತನ ಮೂಲಕ ಎಂಬ ಈ ವಿಚಾರದ ಆಳ ನನ್ನನ್ನು ಬೆರಗುಗೊಳಿಸುತ್ತದೆ. ನೆಲಕ್ಕೂ ವಂಶಕ್ಕೂ ಸೇರಿದ ಋಣಗಳು ಹೊಸಬರಿಗೆ ಈ ಊರಿನಲ್ಲಿ ಇಲ್ಲದೆ ಇರಬಹುದು. ನಾಲ್ಕನೆಯದು ಅವರಿಗೂ ಇದೆ. ಮಾತ್ರವಲ್ಲ, ಊರು ಅವರನ್ನು ಒಳಗೆ ಬಿಟ್ಟುಕೊಂಡ ದಿನದಿಂದ ಅದು ಬೆಳೆಯುತ್ತಿದೆ.

ಬಾಡಿಗೆ ಕೊಟ್ಟಿದ್ದೇವೆ, ಸಾಮಾನಿಗೆ ದುಡ್ಡು ಕೊಟ್ಟಿದ್ದೇವೆ, ಇನ್ನೆಲ್ಲಿಯ ಋಣ ಎಂದು ಹೇಳುವವರಿದ್ದಾರೆ. ಅವರ ಮಾತಿನಲ್ಲಿ ಒಂದು ನ್ಯಾಯವಿದೆ. ಹಣವನ್ನು ಸರಿಯಾಗಿ, ಹೊತ್ತಿಗೆ ಸರಿಯಾಗಿ ಕೊಡುವುದು ಸಣ್ಣ ಧರ್ಮವೇನಲ್ಲ, ಅಡಿಕೆ ಕೊನೆ ಇಳಿಸುವ ಕೊನೆಗೌಡನ ಕೂಲಿಯನ್ನು ವಾರಗಟ್ಟಲೆ ಎಳೆಯುವ ಊರಿನವರೂ ಇದ್ದಾರೆ. ಆದರೆ ಯಾವುದಕ್ಕೆ ಹಣ ಕೊಟ್ಟೆವು ಎಂದು ಕೇಳಿಕೊಂಡರೆ ಲೆಕ್ಕ ಅಲ್ಲೇ ನಿಲ್ಲುತ್ತದೆ. ಬಾಡಿಗೆ ಹೋದದ್ದು ಗೋಡೆಗೆ, ಮಾಡಿಗೆ. ಬೇಸಗೆಯ ಸಂಜೆ ತಂಪಾದದ್ದು ಊರಿನ ಸುತ್ತ ಮರಗಳು ಉಳಿದಿರುವುದರಿಂದ, ಮರಗಳು ಉಳಿದದ್ದು ಜನ ಅವನ್ನು ಉಳಿಸಿಕೊಂಡದ್ದರಿಂದ. ಹಿಮಾಲಯದ ಚಿಪ್ಕೋದಿಂದ ಪ್ರೇರಣೆ ಪಡೆದು 1983ರ ಸೆಪ್ಟೆಂಬರಿನಲ್ಲಿ ಶಿರಸಿ ಸಮೀಪದ ಸಾಲ್ಕಣಿಯ ಕಾಡಿನಲ್ಲಿ ಹಳ್ಳಿಗರು ಮರಗಳನ್ನು ತಬ್ಬಿ ನಿಂತು ಕಡಿತ ನಿಲ್ಲಿಸಿದರು. ಅಪ್ಪಿಕೋ ಚಳವಳಿ ಹುಟ್ಟಿದ್ದು ಹಾಗೆ. ಅಂದು ಆ ತಂಪಿಗೆ ಯಾರೂ ದರ ಬರೆದಿಟ್ಟಿರಲಿಲ್ಲ.

ಅಪ್ಪಿಕೋದ ಉದಾಹರಣೆ ಊರಿನವರ ಇನ್ನೊಂದು ವಾದಕ್ಕೂ ಉತ್ತರ ಹೇಳುತ್ತದೆ. ಹುಟ್ಟಿ ಬೆಳೆದವನಿಗೇ ಊರು ಅರ್ಥವಾಗುವುದು, ಬಂದವನದು ಬರೀ ಮೋಹ ಎಂಬುದು ಆ ವಾದ. ಹುಟ್ಟು ಒಂದರಿಂದಲೇ ತಿಳಿವಳಿಕೆ ಬರುವುದಾದರೆ ಆ ಚಳವಳಿಯ ಅಗತ್ಯವೇ ಬೀಳುತ್ತಿರಲಿಲ್ಲ, ಚಿಪ್ಕೋ ಹುಟ್ಟಿದ ಗಡ್ವಾಲದಿಂದ ಪ್ರೇರಣೆ ಬರಬೇಕಾಗಿಯೂ ಇರಲಿಲ್ಲ. ಮರ ಕಡಿಯುವ ಕೆಲಸಕ್ಕೆ ಸ್ಥಳೀಯರ ಕೈಗಳೂ ಬಳಕೆಯಾಗುತ್ತವೆ, ಹೋಂಸ್ಟೇಗೆಂದು ಗುಡ್ಡ ಕೊರೆಸುವವರಲ್ಲಿ ಅಲ್ಲೇ ಹುಟ್ಟಿದವರೂ ಇರುತ್ತಾರೆ. ಇಷ್ಟಾದರೂ ಊರಿನವರ ಅನುಮಾನದಲ್ಲಿ ಒಂದು ಸತ್ಯವಿದೆ, ಅದು ಋತುವಿಗೆ ಸಂಬಂಧಿಸಿದ್ದು: ಬೇಸಗೆಯನ್ನಷ್ಟೇ ಕಂಡವರು ಊರನ್ನು ಪೂರ್ತಿ ಕಂಡವರಲ್ಲ. ಮನುಸ್ಮೃತಿ ಅತಿಥಿಯ ಲೆಕ್ಕವನ್ನು ಒಂದು ರಾತ್ರಿಗೆ ಮುಗಿಸುತ್ತದೆ. ಸನ್ಯಾಸಿಗಳಿಗೆ ಊರೂರು ತಿರುಗುವುದು ನಿಯಮ. ಮಳೆಗಾಲ ಮಾತ್ರ ಒಂದೆಡೆ ನಿಲ್ಲಬೇಕು. ಬೌದ್ಧರಲ್ಲಿ ಈ ವರ್ಷಾವಾಸ ಹೇಗೆ ಬಂತೆಂಬುದನ್ನು ವಿನಯಪಿಟಕ ಹೇಳುತ್ತದೆ. ಭಿಕ್ಷುಗಳು ಮಳೆಯಲ್ಲೂ ತಿರುಗುತ್ತ ಹಸಿರು ಗರಿಕೆಯನ್ನೂ ಸಣ್ಣ ಜೀವಗಳನ್ನೂ ತುಳಿಯುತ್ತಾರೆಂದು ಜನ ದೂರಿದರು. ಬುದ್ಧ ಆ ದೂರನ್ನು ಒಪ್ಪಿ ನಿಯಮ ಮಾಡಿದ. ಯಾವ ಊರಿನ ಮೋಹವೂ ಬೇಡವೆಂದು ಹೊರಟವರು ಕೂಡ ಊರಿನವರ ಮಾತಿಗೆ ತಲೆಬಾಗಿ ಕಾಲು ನಿಲ್ಲಿಸಿದರು ಎಂಬುದು ಇದರಲ್ಲಿ ಮುಖ್ಯ. ಸ್ಥಳದ ಸಂತೋಷವೆಲ್ಲ ಬಂಧನ ಎನ್ನುವ ವಿರಕ್ತರಿಗೂ ನಾನು ಇದನ್ನೇ ತೋರಿಸುತ್ತೇನೆ. ಇನ್ನು ಹೊಸಬರ ಮಾತು. ಮಳೆಗಾಲದಲ್ಲಿ ಕರೆಂಟು ದಿನಗಟ್ಟಲೆ ಹೋಗುತ್ತದೆ, ಬಟ್ಟೆ ಒಣಗುವುದಿಲ್ಲ, ತೋಟಗಳಲ್ಲಿ ಕೊಳೆರೋಗಕ್ಕೆ ಹೆದರಿ ಮೈಲುತುತ್ತ ಸುಣ್ಣದ ಔಷಧಿ ಹೊಡೆಸಲು ಹೊಳವಿಗಾಗಿ ಕಾಯುತ್ತಾರೆ. ಮೇ ಕೊನೆಗೆ ಹೊರಟುಹೋಗುವವರನ್ನು ನಾನು ದೂರುವುದಿಲ್ಲ, ಅತಿಥಿಯಾಗಿ ಬಂದು ಅತಿಥಿಯಾಗಿ ಹೋಗುವುದು ಗೌರವದ ಸಂಗತಿಯೇ. ಅವರು ಈ ಊರು ಹೀಗಿರಬೇಕು, ಹಾಗಿರಬೇಕು ಎಂದು ತೀರ್ಪು ಕೊಡಲು ಹೊರಟರೆ ಮಾತ್ರ ಒಪ್ಪಲಾಗದು. ಊರಿನ ಅರ್ಧ ವರ್ಷವನ್ನು ಅವರು ನೋಡಿಯೇ ಇಲ್ಲ.

ಋಣ ಇದೆ ಎಂದಾದರೆ ಸಲ್ಲಿಸುವುದು ಯಾರಿಗೆ? ಮನೆ ಕೊಟ್ಟವರಿಗೆ, ನೆರೆಯವರಿಗೆ, ಮರ ಉಳಿಸಿದವರಿಗೆ ಎಂಬ ಉತ್ತರ ಸಹಜ, ಸರಿಯೂ ಹೌದು. ಬಾವಿ ಬತ್ತುವ ತಿಂಗಳಲ್ಲಿ ಕೈಬಿಗಿಹಿಡಿದು ನೀರು ಬಳಸುವುದು, ಊರಿನ ಶಾಲೆಗೆ ತನಗೆ ಗೊತ್ತಿರುವ ವಿದ್ಯೆಯನ್ನು ಕೊಡುವುದು, ಮಂಗನ ಕಾಯಿಲೆ ಬಂದ ಮನೆಯವರನ್ನು ದೂರದ ಆಸ್ಪತ್ರೆಗೆ ಮುಟ್ಟಿಸಲು ತನ್ನ ಕಾರನ್ನು ಕೊಡುವುದು ಇದರೊಳಗೆ ಬರುತ್ತವೆ. ಆದರೆ ಶತಪಥದ ನಾಲ್ಕನೆಯ ಋಣ ಹಿಂದಕ್ಕಷ್ಟೇ ತೀರುವಂಥದಲ್ಲ, ಮುಂದೆ ಬರುವವನ ಕಡೆಗೂ ಅದು ಹರಿಯುತ್ತದೆ. ಹೊಸಬರೆಂದರೆ ಆಸೆಪಟ್ಟು ಬಂದವರಷ್ಟೇ ಅಲ್ಲ. 1960ರ ದಶಕದಲ್ಲಿ ಲಿಂಗನಮಕ್ಕಿ ಅಣೆಕಟ್ಟಿನಿಂದ ಶರಾವತಿ ಕಣಿವೆಯ ಹಳ್ಳಿಗಳು ಮುಳುಗಿದಾಗ ಸಾವಿರಾರು ಜನ ತಮಗೆ ಬೇಡವಾದ ಊರುಗಳಿಗೆ ಹೊಸಬರಾಗಿ ಹೋದರು. ನೆಲದ ಹಕ್ಕುಪತ್ರಕ್ಕಾಗಿ ಅವರ ಮೊಮ್ಮಕ್ಕಳು ಇಂದಿಗೂ ಅರ್ಜಿ ಹಿಡಿದು ಅಲೆಯುತ್ತಿದ್ದಾರೆ. ಮನೆ ಕಟ್ಟುವ, ರಸ್ತೆಗೆ ಜಲ್ಲಿ ಹಾಕುವ ಕೆಲಸಕ್ಕೆ ಬಯಲುಸೀಮೆಯಿಂದ ಬಂದವರು ಇದೇ ಊರುಗಳ ಅಂಚಿನಲ್ಲಿ ತಗಡಿನ ಶೆಡ್ಡುಗಳಲ್ಲಿ ಇದೇ ಬೇಸಗೆಯನ್ನು ಕಳೆಯುತ್ತಾರೆ. ಅವರ ಮಕ್ಕಳಿಗೂ ಕವಳಿ ಹಣ್ಣು ರುಚಿ, ಬಯಲಾಟದ ಚಂಡೆ ಅವರಿಗೂ ಕೇಳಿಸುತ್ತದೆ. ಹೊಸಬನಾಗಿ ಒಂದು ಊರಿನಲ್ಲಿ ಹಿಗ್ಗುವುದು ಎಂಥ ಭಾಗ್ಯವೆಂಬುದು ಅದನ್ನು ಅನುಭವಿಸಿದವನಿಗೆ ಚೆನ್ನಾಗಿ ಗೊತ್ತು. ಆ ಭಾಗ್ಯ ಶೆಡ್ಡಿನಲ್ಲಿರುವವರಿಗೆ ಏಕೆ ಸಿಗಲಿಲ್ಲ ಎಂದು ಗ್ರಾಮಸಭೆಯಲ್ಲಿ ಎದ್ದು ಕೇಳುವ ಹೊಣೆ ಅವನ ಮೇಲೇ ಮೊದಲು ಬೀಳುತ್ತದೆ.